ಸುಧಾರಕರ ಪ್ರೆಸ್ಸಿಗೆ ಬಿದ್ದ ತೂತು

ಬೀದಿಯವರೆಲ್ಲ ಅವರನ್ನು ‘ಸುಧಾರಕರು’ ಎಂದೇ ಕರೆಯುತ್ತಿದ್ದರು. ಅವರು ಸಮಾಜವನ್ನೇನೂ ಸುಧಾರಿಸಿದವರಲ್ಲ. ಸಮಾಜ ಅಷ್ಟರಮಟ್ಟಿಗೆ ಪುಣ್ಯ ಮಾಡಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಮೇಲೆ ಅವರ ದೃಷ್ಟಿ ಮನೆಯ ಸಾಮಾನುಗಳ ಮೇಲೆ ಬಿದ್ದಿತು. ಬಚ್ಚಲ ಬಾಗಿಲಿನ ಚಿಲಕ ಸುಧಾರಣೆಯಾದ ದಿನ, ನೋಡಿಹೋಗಲು ಬಂದಿದ್ದ ಅತ್ತೆ ಒಳಗೇ ಉಳಿದು, ಮಧ್ಯಾಹ್ನದ ಊಟವನ್ನು ಕಿಟಕಿಯಿಂದ ಇಸಿದುಕೊಳ್ಳಬೇಕಾಯಿತು. ಫ್ಯಾನು ಸುಧಾರಣೆಯಾದ ಮೇಲೆ ಗಾಳಿ ಮೇಲಕ್ಕೆ ಬೀಸತೊಡಗಿತು. ಮನೆಯ ಸೂರಿಗೆ ಸೆಖೆಯ ಕಾಟ ತಪ್ಪಿತು.

ಅವರ ಹೆಂಡತಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಎಲ್ಲರ ಬಾಯಲ್ಲಿ ಅವರು ‘ರಟ್ಟಿನಮ್ಮ’. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ: ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಗೋಂದಿನ ಡಬ್ಬಿ, ದಬ್ಬಳ, ಮೇಣ ಹಚ್ಚಿದ ದಾರ. ಕಾಲೇಜಿನ ಲೈಬ್ರರಿಯ ಪುಟ ಕಳಚಿದ ಪುಸ್ತಕಗಳೆಲ್ಲ ವರ್ಷಗಳಿಂದ ಅವರ ಕೈಯಲ್ಲೇ ಮರುಜನ್ಮ ಪಡೆಯುತ್ತಿದ್ದವು. ಅಂಟಿಸಿದ ರಟ್ಟು ಸೊಟ್ಟಗಾಗಬಾರದೆಂದರೆ ಪೂರ್ತಿ ಆರುವ ತನಕ ಅದು ಭಾರದ ಕೆಳಗೆ ಅಲುಗದೆ ಇರಬೇಕು. ಅದಕ್ಕೆಂದೇ ರಟ್ಟಿನಮ್ಮನ ತಂದೆಯ ಕಾಲದ ಪ್ರೆಸ್ಸೊಂದಿತ್ತು, ಚಕ್ರ ತಿರುಗಿಸಿ ಬಿಗಿಮಾಡುವಂಥದು. ಅದು ಒಂದು ದಿನವೂ ಕೆಟ್ಟದ್ದಿಲ್ಲ. ಸುಧಾರಕರ ಕಣ್ಣಿಗೆ ಅದೇ ಅದರ ದೊಡ್ಡ ದೋಷ.

“ಇನ್ನೂ ಕೈಯಲ್ಲಿ ತಿರುಗಿಸ್ತಾ ಕೂತಿದ್ದೀಯಲ್ಲೇ! ಕಾಲ ಎಲ್ಲಿಗೆ ಹೋಗಿದೆ ಗೊತ್ತಾ?”

“ಕಾಲ ಎಲ್ಲಿಗಾದ್ರೂ ಹೋಗ್ಲಿ. ನನ್ನ ಪ್ರೆಸ್ ಇಲ್ಲೇ ಇರ್ಲಿ.”

ಇರಲಿಲ್ಲ. ರಟ್ಟಿನಮ್ಮ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಹಳೆಯ ಪ್ರೆಸ್ಸು ತುಂಡುತುಂಡಾಗಿ, ಹೊಸದಕ್ಕೆ ಪಾದಗಳಾಗಿತ್ತು. ಆ ಪಾದಗಳ ಮೇಲೆ ಸೂರು ಮುಟ್ಟುವ ಕಬ್ಬಿಣದ ಚೌಕಟ್ಟು; ಅದರ ನಟ್ಟನಡುವೆ, ಗುಜರಿಯಿಂದ ತಂದ ಟ್ರೇಲರಿನ ಹೈಡ್ರಾಲಿಕ್ ಸಿಲಿಂಡರು ತಲೆಕೆಳಗಾಗಿ ನೇತಾಡುತ್ತಿತ್ತು. ಪಕ್ಕದ ಪಂಪಿನ ಹಿಡಿ ಒತ್ತಿದರೆ ಸಿಲಿಂಡರಿಗೆ ಎಣ್ಣೆ ನುಗ್ಗಿ, ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತಿತ್ತು.

“ಇದರಲ್ಲಿ ಆನೇನೂ ಚಪ್ಪಟೆ ಮಾಡಬಹುದು!”

“ಲೈಬ್ರರಿಯವರು ಆನೆ ಕಳಿಸಲ್ಲಾರೀ.”

ಇಷ್ಟು ಬಲವಿರುವಾಗ ಹೊತ್ತು ಯಾಕೆ ಬೇಕು ಎಂಬುದು ಸುಧಾರಕರ ಸಿದ್ಧಾಂತ. ಹೆಂಡತಿ ಅಡುಗೆಮನೆಗೆ ಹೋದಾಗಲೆಲ್ಲ ಅವರು ಪುಸ್ತಕಗಳನ್ನು ಜೋರಾಗಿ ಒತ್ತಿ, ಹಸಿಯಾಗಿಯೇ ಹೊರಗೆಳೆದರು. ನೋಡನೋಡುತ್ತ ರಟ್ಟುಗಳೆಲ್ಲ ಬಾಗಿದವು. ಲೈಬ್ರರಿಯವರು ಇಡೀ ಹೊರೆಯನ್ನು ವಾಪಸು ತಂದರು.

“ಅಮ್ಮಾ, ಇವು ಓದೋದಕ್ಕಾ, ಹೊಳೆ ದಾಟೋದಕ್ಕಾ? ಸರಿ ಮಾಡಿಡಿ, ಸೋಮವಾರ ಬರ್ತೀನಿ. ಮತ್ತೂ ಹೀಗೇ ಆದ್ರೆ ಕೆಲಸ ಬೇರೆ ಕಡೆ ಕೊಡಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ.”

ರಟ್ಟಿನಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಅದಕ್ಕಿಂತ ಕೆಟ್ಟದ್ದು, ಮಾತು ನಿಲ್ಲಿಸಿದರು. ಆ ಲೈಬ್ರರಿಯ ಕಪಾಟುಗಳಲ್ಲಿ ಅವರ ಕೈ ಮುಟ್ಟದ ಪುಸ್ತಕವಿರಲಿಲ್ಲ. ಅದು ತಪ್ಪಿದರೆ ತಾವು ಬರಿಯ ಸುಧಾರಕರ ಹೆಂಡತಿ. ಆ ಪದವಿ ಅವರಿಗೆ ಸಾಕೆನಿಸಿರಲಿಲ್ಲ. ಹಳೆಯ ರಟ್ಟುಗಳನ್ನು ಕಿತ್ತು, ಹೊಸದನ್ನು ಕತ್ತರಿಸಿ, ಬೆಳಗಿನಿಂದ ಒಂದೊಂದಕ್ಕೇ ಗೋಂದು ಹಚ್ಚುತ್ತ ಕೂತರು.

ಇತ್ತ ಸುಧಾರಕರಿಗೂ ಬಿಡುವಿರಲಿಲ್ಲ. ನಿರ್ಮಾತೃವಿನ ಹೆಸರು ಕೆತ್ತಿಸಿದ ಹಿತ್ತಾಳೆಯ ಫಲಕವನ್ನು ಪ್ರೆಸ್ಸಿಗೆ ಕೂರಿಸಬೇಕಿತ್ತು. ಚೌಕಟ್ಟಿನ ಎರಡು ಬದಿಗೂ ಬೇಕಾದಷ್ಟು ಜಾಗವಿತ್ತು. ಆದರೆ ಗೌರವವೆನ್ನುವುದು ಮಧ್ಯದಲ್ಲಿರಬೇಕು, ಮಧ್ಯದಲ್ಲಿದ್ದದ್ದು ಸಿಲಿಂಡರು. ಫಲಕ ಓರೆಯಾಗದಂತೆ ಅವರು ಅಳೆದು, ಗುರುತು ಹಾಕಿ, ಹಿಂದೆ ಸರಿದು ನೋಡಿ, ಮತ್ತೆ ಅಳೆದರು. ಗುರುತಿನ ಹಿಂದೆ ಏನಿದೆ ಎಂಬುದನ್ನು ಮಾತ್ರ ಯೋಚಿಸಲಿಲ್ಲ. ಕರ್ರೆನ್ನುತ್ತಿದ್ದ ಡ್ರಿಲ್ಲು ಇದ್ದಕ್ಕಿದ್ದಂತೆ ಹಗುರಾಯಿತು. ಡಿಪೋದಲ್ಲಿ ಪಳಗಿದ ಮಣಿಕಟ್ಟಿಗೆ ವಿಷಯ ತಕ್ಷಣ ತಿಳಿಯಿತು; ತಲೆಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಏನ್ರೀ ಅದು?” ರಟ್ಟಿನಮ್ಮ ಮೌನ ಮುರಿದರು.

“ಏನಿಲ್ಲ. ಗಾಳಿ ಆಡೋಕೆ ಒಂದು ದಾರಿ.”

ತೂತಿನಿಂದ ಎಣ್ಣೆ ಬರಲಿಲ್ಲ, ನಿಜ. ತೂತು ಬಿದ್ದದ್ದು ಸಿಲಿಂಡರಿನ ಕೆಳತುದಿಯ ಹತ್ತಿರ. ಪಿಸ್ಟನ್ ಇನ್ನೂ ಮೇಲಿತ್ತು, ಎಣ್ಣೆ ಅದಕ್ಕೂ ಮೇಲೆ. ಇದರಿಂದ ಧೈರ್ಯಗೊಂಡ ಸುಧಾರಕರು ಪಂಪು ಒತ್ತಿದರು. ಪಿಸ್ಟನ್ ಇಳಿದು ತೂತನ್ನು ದಾಟಿದ್ದೇ ತಡ, ಸೂಜಿಯಂಥ ಎಣ್ಣೆಯ ಧಾರೆ ಭುಸ್ಸೆಂದು ಹೊರಟು, ಗೋಡೆಯ ಕ್ಯಾಲೆಂಡರನ್ನು ತೋಯಿಸಿ, ಅಲ್ಲಿಂದ ಸಿಡಿದು ನಿರ್ಮಾತೃವಿನ ಬೋಳುತಲೆಗೆ ಅಭಿಷೇಕ ಮಾಡಿತು. ರಟ್ಟಿನಮ್ಮ ಪುಸ್ತಕಗಳ ಮುಂದೆ ಮೈಯನ್ನೇ ಅಡ್ಡವಾಗಿಟ್ಟು ನಿಂತರು.

ಮೊದಲ ಚಿಕಿತ್ಸೆಯಾಗಿ ಸುಧಾರಕರು ಕಲಸಿ ಹಚ್ಚುವ ಗಟ್ಟಿ ಅಂಟನ್ನು ತೂತಿಗೆ ತುಂಬಿದರು. ಪಂಪು ಒತ್ತಿದಾಗ ಅದು ಗುಂಡಿನಂತೆ ಹಾರಿ, ಗೋಂದಿನ ಡಬ್ಬಿಗೆ ಬಡಿದು, ಠಣ್ಣೆಂದು ತನ್ನ ಅಭಿಪ್ರಾಯ ತಿಳಿಸಿತು.

ಗೋಂದು ಹಚ್ಚಿದ ಪುಸ್ತಕಗಳು ಕಾಯುವ ಸ್ಥಿತಿಯಲ್ಲಿರಲಿಲ್ಲ. ರಟ್ಟಿನಮ್ಮ ಅವನ್ನು ನೆಲದ ಮೇಲೆ ಒಟ್ಟಿ, ಮೇಲೊಂದು ಹಲಗೆಯಿಟ್ಟು, ಗಂಡನ ಕಡೆ ತಿರುಗಿದರು.

“ಕೂತ್ಕೊಳ್ಳಿ.”

“ಎಲ್ಲಿ?”

“ಅದರ ಮೇಲೆ. ಅಲ್ಲಾಡಬೇಡಿ.”

ಆ ಮನೆಯಲ್ಲಿ ಅವರ ತೂಕಕ್ಕೆ ಬೆಲೆ ಬಂದದ್ದು ಅದೇ ಮೊದಲು. ಹೆಂಡತಿಯೇ ಹೋಗಿ, ಈಗ ಲೋಹ ಕಡೆಯುವ ಲೇತಿನ ಅಂಗಡಿ ಇಟ್ಟುಕೊಂಡಿದ್ದ, ಗಂಡನ ಡಿಪೋದ ಹಳೆಯ ಸ್ನೇಹಿತನನ್ನು ಕರೆತಂದರು. ಅವನು ಬಾಗಿಲಲ್ಲೇ ನಿಂತು ನಕ್ಕ.

“ಏನಪ್ಪಾ, ಕಾವಿಗೆ ಕೂತಿದ್ದೀಯಾ? ಮರಿ ಯಾವಾಗ?”

“ಬಾಯಿ ಮುಚ್ಕೊಂಡು ಸಿಲಿಂಡರ್ ಬಿಚ್ಚು.”

ಅವನು ಬಿಚ್ಚಿದ. ತೂತಿನ ಚೂಪಾದ ಅಂಚು ತಾಗಿ ಪಿಸ್ಟನ್ನಿನ ರಬ್ಬರ್ ಸೀಲು ಸೀಳಿತ್ತು. ಲೇತಿನವನು ಒಳಗೆ ಟಾರ್ಚು ಬಿಟ್ಟು ನೋಡಿ ತಲೆಯಾಡಿಸಿದ.

“ಸೀಲು ಬೇರೆ ಹಾಕೋಣ. ತೂತಿಗೆ ವೆಲ್ಡಿಂಗ್ ಮಾಡಿದ್ರೆ ಒಳಗಿನ ಗೋಡೆ ಎಳೆದುಕೊಂಡು ಸೊಟ್ಟಗಾಗತ್ತೆ. ಸಿಲಿಂಡರೇ ಬೇರೆ ಹುಡುಕಬೇಕು. ಸೋಮವಾರದೊಳಗೆ ಆಗೋ ಮಾತಲ್ಲ.”

“ಇನ್ನೂ ದೊಡ್ಡದು ಹಾಕಿದ್ರೆ ಹೇಗೆ?” ಹಲಗೆಯ ಮೇಲಿಂದ ಉತ್ಸಾಹದ ದನಿ ಬಂತು. “ಅಥವಾ ಎರಡು...”

“ಅಲ್ಲಾಡಬೇಡಿ ಅಂದೆ!” ರಟ್ಟಿನಮ್ಮ ಗದರಿದರು. ಆಮೇಲೆ ಲೇತಿನವನನ್ನು ಕೇಳಿದರು: “ಅಲ್ಲಣ್ಣ, ಆ ತೂತಿನವರೆಗೂ ಪಿಸ್ಟನ್ ಯಾಕೆ ಬರಬೇಕು?”

“ಪುಸ್ತಕ ಕೆಳಗಿದೆಯಲ್ಲಮ್ಮ.”

“ಪುಸ್ತಕದ ಕೆಳಗೆ ಹಲಗೆ ಒಟ್ಟಿ ಮೇಲಕ್ಕೆ ತಂದ್ರೆ?”

ಲೇತಿನವನು ಮತ್ತೆ ಸಿಲಿಂಡರಿನೊಳಗೆ ಟಾರ್ಚು ಬಿಟ್ಟ. ಬಳಿಕ ಸುಧಾರಕರು, ಹಲ್ಲು ಕೀಳಿಸಿಕೊಳ್ಳುವವರಂತೆ ಮುಖ ಮಾಡಿಕೊಂಡು ಹೇಳಿದರು: “ಒಳಗೆ ಪಿಸ್ಟನ್ನಿನ ರಾಡಿಗೆ ಒಂದು ದಪ್ಪ ಬಳೆ ತೊಡಿಸಿದ್ರೆ... ಪಿಸ್ಟನ್ ತೂತಿಗಿಂತ ಮೇಲೇ ನಿಲ್ಲತ್ತೆ. ಸೀಲಿಗೂ ಏಟಿಲ್ಲ, ಎಣ್ಣೇನೂ ಬರಲ್ಲ.” ಪಾಪ, ಆಡಿದ ಮಾತು ಅವರಿಗೇ ರುಚಿಸಲಿಲ್ಲ. ಜೀವಮಾನವೆಲ್ಲ ಎಲ್ಲವನ್ನೂ ಹೆಚ್ಚಿಸಿದ ಮನುಷ್ಯ, ತಾನೇ ಕಟ್ಟಿದ ಯಂತ್ರದ ಓಟವನ್ನು ಕಡಿಮೆ ಮಾಡುವುದೆಂದರೆ!

ಲೇತಿನವನು ಉಕ್ಕಿನ ಬಳೆ ಕಡೆದುಕೊಟ್ಟ. ಸುಧಾರಕರು ಹಲಗೆಯ ಮೇಲೆ ಕೂತಲ್ಲೇ ತೂತಿನ ಅಂಚನ್ನು ಉಜ್ಜಿ ನುಣುಪು ಮಾಡಿ, ಲೋಹದ ಚೂರು ಉಳಿಯದಂತೆ ತೊಳೆದು, ಹೊಸ ಸೀಲು ಹಾಕಿ ಜೋಡಿಸಿದರು. ಆ ಕೆಲಸ ಅವರಿಗೆ ಬರುತ್ತಿತ್ತು. ಬಾರದಿದ್ದದ್ದು ಅಲ್ಲಿಗೆ ನಿಲ್ಲಿಸುವುದು. ಲೇತಿನವನು ಸಿಲಿಂಡರನ್ನು ಚೌಕಟ್ಟಿಗೆ ಕೂರಿಸಿದ ಮೇಲೆ ತೂತಿನ ಬಳಿ ಬರಿಯ ಗಾಳಿ ಆಡುತ್ತಿತ್ತು. ಬಾಯಿಗೆ ಬಂದಂತೆ ಹೇಳಿದ್ದ ಸುಳ್ಳು ಹೀಗೆ ಸತ್ಯದ ಪಟ್ಟಕ್ಕೇರಿತು.

ಸುಧಾರಕರನ್ನು ಎಬ್ಬಿಸಿ ನೋಡಿದಾಗ ಅವರು ತೊಡೆ ಬದಲಿಸಿದ ಕಡೆ ಒಂದು ಪುಸ್ತಕದ ರಟ್ಟು ಓರೆಯಾಗಿತ್ತು. ರಟ್ಟಿನಮ್ಮ ಅದನ್ನು ಕಿತ್ತು ಮತ್ತೆ ಅಂಟಿಸಿದರು. ಕೆಳಗೆ ಹಲಗೆಗಳನ್ನು ಒಟ್ಟಿ, ಪುಸ್ತಕಗಳನ್ನೆಲ್ಲ ಪ್ರೆಸ್ಸಿಗೆ ಸೇರಿಸಿ, ತಾವೇ ಹದವಾಗಿ ಪಂಪು ಒತ್ತಿ, ಪಂಪಿನ ಹಿಡಿಯನ್ನು ಕಳಚಿ ಅಡುಗೆಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸುಧಾರಕರು ಭಾನುವಾರವಿಡೀ ಪ್ರೆಸ್ಸಿನ ಸುತ್ತ ಬೆಕ್ಕಿನಂತೆ ಸುಳಿದಾಡಿದರು.

ಸೋಮವಾರ ಲೈಬ್ರರಿಯವರು ಬಂದರು. ಒಂದೊಂದೇ ಪುಸ್ತಕವನ್ನು ಮೇಜಿನ ಮೇಲಿಟ್ಟು, ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿದರು. ರಟ್ಟಿನಮ್ಮ ಆ ಬೆರಳನ್ನೇ ನೋಡುತ್ತಿದ್ದರು. ಒಂದೂ ಕುಂಟಲಿಲ್ಲ. ಮತ್ತೆ ಅಂಟಿಸಿದ್ದೂ ಮೇಜಿಗೆ ಒತ್ತಿಕೊಂಡು ಕೂತಿತು.

“ಚೆನ್ನಾಗಿ ಬಂದಿದೆಯಮ್ಮ. ಯಂತ್ರ ರಿಪೇರಿ ಮಾಡಿಸಿದ್ರಾ?”

ಸುಧಾರಕರು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ಹೆಂಡತಿಯ ಕಣ್ಣು ನೋಡಿದರು. “ಆರೋವರೆಗೂ ಮುಟ್ಟಲಿಲ್ಲ. ಅಷ್ಟೇ,” ಎಂದರು.

“ಹಾಗಾದ್ರೆ ಹೊರಗೆ ಗಾಡಿಯಲ್ಲಿ ಇನ್ನೊಂದು ಹೊರೆ ಇದೆ. ಇಳಿಸ್ಲಾ?”

ರಟ್ಟಿನಮ್ಮ ಆಗಲೇ ಮೇಜು ಖಾಲಿ ಮಾಡತೊಡಗಿದ್ದರು.

“ರೀ, ಹೋಗಿ ಇಳಿಸ್ಕೊಂಡು ಬನ್ನಿ,” ಎಂದರು. ಅವರು ಹೊಸಿಲು ದಾಟುವಾಗ ದನಿಯೇರಿಸಿ ಸೇರಿಸಿದರು: “ಬರೀ ಇಳಿಸಿ!”