ನೀಲಿ ಗೋಡೆಯ ಮುಂದೆ ಕುಳಿತ ಹುಡುಗಿ

ಹಂಸಭಾವಿ ಕಡೆಯವರು ನನ್ನನ್ನು ನೋಡಲು ಬಂದಾಗ ನಮ್ಮ ಅಂಗಳದಲ್ಲಿ ಗೋವಿನಜೋಳದ ತೆನೆ ಒಕ್ಕಿ ರಾಶಿ ಮಾಡುವುದು ನಡೆದಿತ್ತು. ಧೂಳು ಬರುತ್ತದೆಂದು ನಡುಮನೆಯ ಕಿಟಕಿ ಮುಚ್ಚಿದ್ದೆವು. ಕರೆಂಟೂ ಇರಲಿಲ್ಲ. ಹಾನಗಲ್ಲಿನ ನಮ್ಮ ಮನೆಯಲ್ಲಿ ಆ ಒಂದು ಕೋಣೆಗೆ ಮಾತ್ರ ಕಡುನೀಲಿ ಬಣ್ಣ. ಬಂದವರು ಅಲ್ಲೇ ಕುಳಿತು ಅವಲಕ್ಕಿ ತಿಂದು, ಮಳೆ ಬೆಳೆಯ ಮಾತು ಮುಗಿಸಿದ ಮೇಲೆ ನಾನು ಚಹಾ ತಂದೆ. ಅವ್ವ ಗೋಡೆಗೆ ಒತ್ತಿ ಇಟ್ಟಿದ್ದ ಕುರ್ಚಿಯಲ್ಲಿ ಕುಳಿತೆ.

"ಹುಡುಗಿ ಬೆಳ್ಳಗ ಅದಾಳ," ಎಂದಳು ವರನ ಸೋದರತ್ತೆ.

ನನಗೇ ಸೋಜಿಗವಾಯಿತು. ನಮ್ಮ ಮನೆಯಲ್ಲಿ ಬೆಳ್ಳಗಿರುವವಳು ನನ್ನ ತಂಗಿ. ಅವಳು ಅಂದು ಗೊಟಗೋಡಿಯ ಹಾಸ್ಟೆಲ್‌ನಲ್ಲಿದ್ದಳು.

ರಾಶಿ ಮುಗಿದ ಮೇಲೆ ಅವರು ಮಾತುಕತೆಗೆಂದು ಮತ್ತೆ ಬಂದರು. ನಡು ಮಧ್ಯಾಹ್ನ. ಆಗಷ್ಟೇ ಸುಣ್ಣ ಬಳಿದ ಅಂಗಳದ ಗೋಡೆ ಕಣ್ಣು ಕುಕ್ಕುತ್ತಿತ್ತು. ರಜೆಗೆ ಬಂದಿದ್ದ ತಂಗಿಯೂ ನಾನೂ ಅದರ ಮುಂದೆಯೇ ನಿಂತಿದ್ದೆವು. ಆ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟಳು. ನನ್ನನ್ನು ನೋಡಿದಳು, ತಂಗಿಯನ್ನು ನೋಡಿದಳು.

"ಅವತ್ತ ನೋಡಿದ ಹುಡುಗಿ ಇಕಿ ಅಲ್ಲ. ತಂಗೀನ ತೋರಿಸಿ ಅಕ್ಕನ್ನ ಕೊಡಾಕತ್ತೀರೇನು?"

ಅಪ್ಪನ ಮುಖ ಕಪ್ಪಿಟ್ಟಿತು. ಅವ್ವ ದೇವರ ಆಣೆ ಹಾಕತೊಡಗಿದಳು. ವರ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಒಳಗ ಬರ್ರಿ," ಎಂದು ನಾನು ಅತ್ತೆಯನ್ನು ನಡುಮನೆಗೆ ಕರೆದೊಯ್ದೆ. ಕಿಟಕಿ ಮುಚ್ಚಿ ನೀಲಿ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಬಿಸಿಲಿನಿಂದ ಬಂದವಳಿಗೆ ಮೊದಲು ಏನೂ ಸರಿಯಾಗಿ ಕಾಣಲಿಲ್ಲ.

"ನೋಡು, ಇನ್ನೂ ಕಪ್ಪಗ ಕಾಣ್ತಿ."

"ಸ್ವಲ್ಪ ನಿಲ್ರಿ."

ನಿಂತಳು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತಿದ್ದಂತೆ ಅವಳ ಹುಬ್ಬು ಮೆಲ್ಲಗೆ ಸಡಿಲಾದವು. "ಅಯ್ಯ, ಇಕೀನ ಅದಾಳಲ್ಲ!" ಎಂದಳು. ಮರುಕ್ಷಣವೇ ಹುಬ್ಬು ಮತ್ತೆ ಗಂಟಿಕ್ಕಿದವು. "ಅಂದ್ರ ನೀಲಿ ಗೋಡಿ ಮುಂದ ಬೆಳ್ಳಗ ಕಾಣ್ಲಿ ಅಂತ ಬೇಕಂತನ ಇಲ್ಲಿ ಕುಂದ್ರಿಸಿದ್ರೇನು?"

ನಾನು ಕಿಟಕಿ ತೆರೆದೆ. ಹೊರಗೆ ಬಂದು ವರನನ್ನೇ ಕೇಳಿದೆ: "ನೀವು ಅವತ್ತ ನನ್ನ ಮುಖ ನೋಡಿದ್ರಿ. ನಾನ ಹೌದೋ ಅಲ್ಲೋ, ನೀವರ ಹೇಳ್ರಿ."

ಅವನು ಅತ್ತೆಯ ಮುಖ ನೋಡಿದ. "ನನಗ ನೆನಪಿಲ್ಲರಿ," ಎಂದ.

"ಹಂಗಾದ್ರ ಈ ಸಂಬಂಧ ಬ್ಯಾಡ ಬಿಡ್ರಿ," ಎಂದೆ. ಯಾರೂ ಚಹಾ ಕುಡಿಯಲಿಲ್ಲ.

ಅವರು ಹೋದ ಮೇಲೆ ಅತ್ತೆಯ ಮಾತು ನನ್ನನ್ನೇ ಕೊರೆಯತೊಡಗಿತು. ಪಾತ್ರೆ ತಿಕ್ಕುತ್ತಿದ್ದ ಅವ್ವನ ಎದುರು ಹೋಗಿ ಕುಳಿತೆ.

"ಆ ಕುರ್ಚಿ ಬೇಕಂತನ ಅಲ್ಲಿ ಇಟ್ಟಿದ್ಯಾ?"

"ಅಲ್ಲಿ ಫ್ಯಾನಿನ ಗಾಳಿ ಬರ್ತಿತ್ತು."

"ಅವತ್ತ ಕರೆಂಟ ಇರಲಿಲ್ಲಬೇ."

ಅವ್ವನ ಕೈ ನಿಂತಿತು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು: "ನನ್ನ ನೋಡಾಕ ಬಂದಾಗ ನಮ್ಮವ್ವ ಬೈಗಾಗೂತನಕ ಅವರನ್ನ ಮಾತಾಡಿಸ್ಕೋತ ಕುಂದ್ರಿಸಿದ್ದಳು. ದೀಪ ಹಚ್ಚಿದ ಮ್ಯಾಲ ನನ್ನ ಹೊರಗ ಕರದಳು."

ಬೈಯಬೇಕೆಂದು ಹೋದವಳಿಗೆ ಬೈಗುಳ ಬರಲಿಲ್ಲ. ತೊಳೆದ ಪಾತ್ರೆಗಳನ್ನು ಒಂದೊಂದೇ ತೆಗೆದು ಬೋರಲು ಹಾಕುತ್ತ ಕುಳಿತೆ.