ಹುಳದ ಕೋಣೆಯಲ್ಲಿ ಮಗು

ನಮ್ಮ ಬೀದಿಯಲ್ಲಿ ರೇಷ್ಮೆ ಹುಳ ಸಾಕುವುದರಲ್ಲಿ ಖೋಸಿಯತ್‌ಳನ್ನು ಮೀರಿಸಿದವರಿಲ್ಲ. ಕೊನೆಗೆ ಅವಳಿಗೇ ಆ ಗತಿ ಬಂತಲ್ಲ.

ಫರ್ಗಾನಾ ಕಣಿವೆಯಲ್ಲಿ ವಸಂತ ಬಂತೆಂದರೆ ಸರ್ಕಾರದಿಂದ ಮನೆಮನೆಗೂ ಒಂದು ಪೆಟ್ಟಿಗೆ ಹುಳ ಬರುತ್ತದೆ. ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ರೇಷ್ಮೆ ಹೊರದೇಶಕ್ಕೆ ಹೋಗಬೇಕು, ದೇಶ ಉದ್ಧಾರವಾಗಬೇಕು. ಟಿವಿಯಲ್ಲಿ ದಿನವೂ ಅದೇ ಪುರಾಣ. ಒಲೆ ಇರುವ ಕೋಣೆ ಹುಳಕ್ಕೆ, ಜಗಲಿ ನಮಗೆ. ಕೊನೆಗೆ ರೇಷ್ಮೆಗೂಡು ಒಪ್ಪಿಸದವರ ಹಿತ್ತಲು ಬೀದಿ ಸಮಿತಿಯ ಪಾಲು. ಹಿತ್ತಲಿನ ಆಲೂಗಡ್ಡೆ, ಗಜ್ಜರಿ ಇಲ್ಲದಿದ್ದರೆ ಖೋಸಿಯತ್‌ಳ ಮನೆಯವರು ಚಳಿಗಾಲವಿಡೀ ಉಪವಾಸ ಬೀಳಬೇಕು.

ಆ ವರ್ಷ ಪೆಟ್ಟಿಗೆ ಬಂದ ವಾರದಲ್ಲೇ ಅವಳ ಸೊಸೆ ಓಯ್ದಿನ್‌ಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಷ್ಟು ಹೆಣ್ಣುಮಗು. ಬೆಚ್ಚಗಿಟ್ಟರೆ ಉಳಿಯುತ್ತದೆ ಎಂದು ಹೇಳಿ ಆಸ್ಪತ್ರೆಯವರು ಕೈತೊಳೆದುಕೊಂಡರು. ಮನೆಯಲ್ಲಿ ಒಲೆ ಇದ್ದದ್ದು ಹುಳದ ಕೋಣೆಯಲ್ಲಿ ಮಾತ್ರ.

"ಹುಳದ ಜೊತೆಗೇ ಮಲಗ್ಲಿ ಬಿಡೇ," ಎಂದಳು ಖೋಸಿಯತ್, ಪಕ್ಕದ ಮನೆಯ ನನಗೆ. "ಇಬ್ಬರಿಗೂ ಬಿಸಿ ಬೇಕು, ಇಬ್ಬರಿಗೂ ಕಣ್ಣು ತಾಗ್ಬಾರ್ದು. ಒಂದೇ ಬಾಣಂತನದಲ್ಲಿ ಎರಡೂ ಮುಗಿಯತ್ತೆ."

ಹುಳದ ತಟ್ಟೆಗಳ ನಡುವೆ ತೊಟ್ಟಿಲಿಟ್ಟಳು. ಹುಳ ಸೊಪ್ಪು ಮೇಯುವ ಸದ್ದಿಗೆ ಮಗು ನಿದ್ದೆ ಹೋಗುತ್ತಿತ್ತು.

ನಾಲ್ಕನೇ ಜ್ವರ ಕಳೆದು, ಕೊನೆಯ ಪೊರೆ ಬಿಟ್ಟು ಎದ್ದ ಮೇಲೆ ಹುಳದ ಬುದ್ಧಿಯೇ ಬೇರೆ. ಆಗ ಅದಕ್ಕೆ ಗಾಳಿ ಬೇಕು, ತಂಪು ಬೇಕು, ಸೆಖೆಯಲ್ಲಿಟ್ಟರೆ ಕೊಳೆಯುತ್ತದೆ. ಇದು ಖೋಸಿಯತ್‌ಗೆ ಗೊತ್ತಿರಲಿಲ್ಲವೇ? ಅಷ್ಟರಲ್ಲಿ ಬಿಸಿಲು ಬಲಿಯುತ್ತದೆ, ಮಗುವನ್ನು ಎಲ್ಲಿಟ್ಟರೂ ನಡೆಯುತ್ತದೆ ಎಂದು ನಂಬಿಕೊಂಡಿದ್ದಳು. ಹಾಳಾದ್ದು, ಆ ಸಲ ಮೇ ತಿಂಗಳಲ್ಲಿ ಬೆಟ್ಟದಿಂದ ಶೀತಗಾಳಿ ಬೀಸಿತು, ಮಳೆ ಹಿಡಿಯಿತು. ಹುಳವನ್ನು ಕೊಟ್ಟಿಗೆಗೆ ಸಾಗಿಸೋಣವೆಂದರೆ ಸೂರು ಸೋರುತ್ತಿತ್ತು. ಮಗುವನ್ನು ನಮ್ಮ ಮನೆಗೆ ತಾ ಎನ್ನಲು ನನಗೆ ಬಾಯಿರಲಿಲ್ಲ. ನಮ್ಮ ಕೋಣೆಯಲ್ಲೂ ಹುಳ, ಕಿಟಕಿ ತೆರೆದೇ ಇತ್ತು.

ಅವಳೂ ಕಿಟಕಿ ತೆರೆದಳು. ಇದ್ದ ರಜಾಯಿಗಳನ್ನೆಲ್ಲ ತೊಟ್ಟಿಲಿಗೆ ಸುತ್ತಿದಳು. ಮರುದಿನ ಮಗು ಮೊಲೆ ಹಿಡಿಯಲಿಲ್ಲ. ತುಟಿ ನೀಲಿಯಾಗಿತ್ತು.

"ಅತ್ತೆ, ನಿಮ್ಮ ದಮ್ಮಯ್ಯ, ಕಿಟಕಿ ಮುಚ್ಚಿ," ಎಂದು ಓಯ್ದಿನ್ ಅತ್ತಳು.

"ಮುಚ್ಚಿದ್ರೆ ಹಿತ್ತಲು ಹೋಗತ್ತೆ ಕಣೇ. ಇದಕ್ಕೆ ನಾಳೆ ಏನು ತಿನ್ನಿಸ್ತೀಯ?"

"ತಿನ್ನೋಕೆ ನಾಳೆ ಅದು ಇರ್ಬೇಕಲ್ಲ ಅತ್ತೆ."

ಖೋಸಿಯತ್ ತಟ್ಟೆಗಳತ್ತ ತಿರುಗಿದಳು. ಬೆರಳುದ್ದ ಬೆಳೆದ ಹುಳ, ಇನ್ನೇನು ಗೂಡು ಕಟ್ಟಬೇಕು. ಕೊನೆಗೆ ಕಿಟಕಿ ಮುಚ್ಚಿದಳು, ಸಂದಿಗೆ ತನ್ನ ಶಾಲು ತುರುಕಿದಳು, ಹತ್ತಿಗಿಡದ ಒಣಕಡ್ಡಿ ತುಂಬಿ ಒಲೆ ಉರಿಸಿದಳು. ಹುಳ ಕೊಳೆಯತೊಡಗಿತು. ಸಂಜೆಯಾದರೆ ನಾನೂ ಅವಳೂ ಬಕೆಟ್‌ಗಟ್ಟಲೆ ಹೊತ್ತು ಕಾಲುವೆಯಾಚೆ ಹೂಳುತ್ತಿದ್ದೆವು. ಆ ನಾತ ನನ್ನ ಮೂಗು ಬಿಟ್ಟು ಹೋಗಿಲ್ಲ.

ಬೀದಿ ಸಮಿತಿಯ ತುರ್ಸುನಾಲಿ ಬಾಗಿಲಾಚೆ ನಿಂತು ಕೂಗುತ್ತಿದ್ದ. "ಅಕ್ಕಾ, ಹುಳ ಹೇಗಿದಾವೆ?"

"ಚೆನ್ನಾಗಿ ಮೇಯ್ತಿದಾವಪ್ಪ. ಬಾಣಂತಿ ಇದಾಳೆ, ಒಳಗೆ ಬರ್ಬೇಡ."

ಬಾಣಂತಿಯ ಹೊಸಿಲು ದಾಟುವ ಗಂಡಸು ನಮ್ಮಲ್ಲಿಲ್ಲ. ಅವನು ಹಾಗೇ ಹೋಗುತ್ತಿದ್ದ.

ಆಮೇಲೊಂದು ಬೆಳಿಗ್ಗೆ, ನಾನೂ ಅಲ್ಲಿದ್ದಾಗ, ಜಿಲ್ಲೆಯ ಸಾಹೇಬರನ್ನು ಕರೆತಂದ. ಹೆಸರಾಂತ ಸಾಕಣೆ ತೋರಿಸಬೇಕಂತೆ, ಜೊತೆಗೊಂದು ಕ್ಯಾಮೆರಾ ಬೇರೆ. ಸಾಹೇಬರಿಗೆ ಯಾವ ಹೊಸಿಲು, ಯಾವ ಬಾಣಂತನ? ಬಾಗಿಲು ತಳ್ಳಿಯೇಬಿಟ್ಟರು. ಓಯ್ದಿನ್ ಗೋಡೆಗೆ ಮುಖ ತಿರುಗಿಸಿದಳು. ತಟ್ಟೆಗಳನ್ನೆಲ್ಲ ತೊಳೆದು ಒರಗಿಸಿತ್ತು. ನಡುವೆ ತೊಟ್ಟಿಲು.

"ಹುಳ ಎಲ್ಲಿ ಅಕ್ಕಾ?" ತುರ್ಸುನಾಲಿ ಖಾಲಿ ತಟ್ಟೆಗಳನ್ನು ತಿರುಗಿಸಿ ನೋಡಿದ.

ಖೋಸಿಯತ್ ತೊಟ್ಟಿಲು ತೋರಿಸಿದಳು. "ಈ ಸಲ ಉಳಿದಿದ್ದು ಇದೊಂದೇ."

"ದೇಶ ಮುಂದೆ ಹೋಗೋಕೆ ಇಂಥೋರೇ ಅಡ್ಡಗಾಲು," ಎಂದರು ಸಾಹೇಬರು. "ಹಿತ್ತಲಿಗೆ ಇವತ್ತೇ ಬೇಲಿ ಹಾಕ್ಸಿ."

ನನಗೆ ಮೈಯೆಲ್ಲ ಉರಿದುಹೋಯಿತು. ಖೋಸಿಯತ್ ಬೇಡಿಕೊಳ್ಳಲಿಲ್ಲ. ತೊಟ್ಟಿಲ ಮೇಲಿನ ರಜಾಯಿ ಎಳೆದು ಸರಿಮಾಡಿದಳು.

"ತಗೊಂಡ್ಹೋಗಿ ಸಾಹೇಬ್ರೆ," ಎಂದಳು. "ಬಾಗಿಲು ಮಾತ್ರ ಹಾಕ್ಕೊಂಡ್ಹೋಗಿ. ಮಗೂಗೆ ಗಾಳಿ ಹೊಡೀತಿದೆ."