ಬೀಟೆಮರದ ಪಿಯಾನೊ

ಮೂಡಿಗೆರೆಯ ಗಿರಿಜಾಂಬಾ ಹನ್ನೆರಡು ವರ್ಷ ಒಂದು ಗುಟ್ಟು ಇಟ್ಟುಕೊಂಡಿದ್ದಳು, ಅದೂ ಕಟ್ಟಿಕೊಂಡ ಗಂಡನಿಗೆ ಗೊತ್ತಾಗದ ಹಾಗೆ. ಕಣ್ಣರಳಿಸಬೇಡಿ, ನೀವಂದುಕೊಂಡಂಥದ್ದೇನಲ್ಲ. ನಡುಮನೆಯ ಪಕ್ಕದ ಕೋಣೆಯಲ್ಲಿದ್ದ ಪಿಯಾನೊ ಬೀಟೆಮರದ್ದಲ್ಲ ಎಂಬುದೇ ಆ ಗುಟ್ಟು.

ಗಂಡ ಓಂಕಾರಮೂರ್ತಿಗಳದ್ದು ಸಾಮಿಲ್ಲು. ಮರದ ವಿಷಯ ಬಂದರೆ ಊರಿಗೆಲ್ಲ ಅವರದೇ ಕೊನೇ ಮಾತು. ಬೆರಳಲ್ಲಿ ಎರಡು ಸಲ ತಟ್ಟಿ, ಇದು ಹೊನ್ನೆ, ಇದು ನಂದಿ, ನಿನಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಎಂದು ಮುಖದ ಮೇಲೇ ಹೇಳಿಬಿಡುತ್ತಿದ್ದರು. ೧೯೯೧ರಲ್ಲಿ ದೇವರಮನೆ ಕಡೆಯ ಎಸ್ಟೇಟೊಂದರ ಮುದುಕ ಮಾಲೀಕರು ತೋಟ ಮಾರಿ ಹೊರಟಾಗ ಬಂಗಲೆಯ ಸಾಮಾನೆಲ್ಲ ಹರಾಜಾಯಿತು. ಪಿಯಾನೊವನ್ನು ಆರು ಜನ ಹಿಡಿದರೂ ಅಲುಗಲಿಲ್ಲ. ಇಷ್ಟು ಭಾರ ಬೀಟೆಯಲ್ಲದೆ ಇನ್ನೇನು ಎಂದುಕೊಂಡರು ಓಂಕಾರಮೂರ್ತಿಗಳು. ಒಳಗೆ ತಂತಿ ಬಿಗಿಯುವುದಕ್ಕೆ ಕಬ್ಬಿಣದ ದೊಡ್ಡ ಚೌಕಟ್ಟು ಇರುತ್ತದೆಂದು ಪಾಪ, ಅವರಿಗೇನು ಗೊತ್ತು! ಸಂಗೀತಕ್ಕಲ್ಲ, ಮರಕ್ಕೆಂದೇ ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಮಗಳು ರಶ್ಮಿಯ ಮದುವೆಗೆ ಇದನ್ನು ಒಡೆದು ಬೀರು ಮಾಡಿಸುತ್ತೇನೆ ಎಂದು ಬಂದವರಿಗೆಲ್ಲ ತಟ್ಟಿ ತೋರಿಸಿದರು.

ಮೊದಲ ದಿನವೇ ಧೂಳು ಒರೆಸುತ್ತಿದ್ದ ಗಿರಿಜಾಂಬಾಳ ಬೆರಳಿಗೆ ಹಿಂಬದಿಯ ಅಂಚಿನಲ್ಲಿ ಒಂದು ಚಕ್ಕೆ ಎದ್ದಿದ್ದು ಸಿಕ್ಕಿತು. ಮೇಲೆ ಹಪ್ಪಳದಷ್ಟು ತೆಳ್ಳಗೆ ಬೀಟೆ, ಕೆಳಗೆ ಹೆಸರಿಲ್ಲದ ಬಿಳಿ ಮರ. ಹೇಳೋಣವೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ಹೇಳಿದರೆ ಪಿಯಾನೊ ನಾಳೆಯೇ ಆಚೆ ಹೋಗುತ್ತದೆ, ಹೇಳದಿದ್ದರೆ ಮಗಳ ಮದುವೆಗೆ ಒಡೆಸಿಕೊಳ್ಳುತ್ತದೆ. ರಶ್ಮಿಗೆ ಆಗ ಹತ್ತು ವರ್ಷ. ಮದುವೆ ದೂರವಿತ್ತು. ಆ ಚಕ್ಕೆಯ ಮೇಲೆ ಕಸೂತಿಯ ಬಟ್ಟೆಯೊಂದನ್ನು ಹೊದಿಸಿ ಸುಮ್ಮನಾದಳು.

ಯಾಕೆಂದರೆ ಆಕೆಗೆ ನುಡಿಸಲು ಬರುತ್ತಿತ್ತು. ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ ಕಾನ್ವೆಂಟಿನ ಸಿಸ್ಟರೊಬ್ಬರು ನಾಲ್ಕು ವರ್ಷ ಕಲಿಸಿದ್ದರು. ಮದುವೆಯಾದ ಮೇಲೆ ಅದನ್ನು ಕೇಳಿದವರೂ ಇಲ್ಲ, ಈಕೆ ಹೇಳಿದ್ದೂ ಇಲ್ಲ. ಚಪಾತಿ ಲಟ್ಟಿಸುವ ಮಣೆಯ ಮೇಲೆ ಬೆರಳು ತನ್ನಷ್ಟಕ್ಕೇ ಓಡುತ್ತಿದ್ದವು, ಅಷ್ಟೆ. ಈಗ ಗಂಡ ಮಿಲ್ಲಿಗೆ ಹೋದ ಮೇಲೆ ಬಾಗಿಲು ಮುಚ್ಚಿ ನುಡಿಸತೊಡಗಿದಳು. ಓಂಕಾರಮೂರ್ತಿಗಳಿಗೆ ಗೊತ್ತಿರಲಿಲ್ಲವೆಂದಲ್ಲ. ಎಂದಾದರೂ ನೆಂಟರ ಮುಂದೆ ಸದ್ದು ಕೇಳಿದರೆ, ಧೂಳು ಒರೆಸುತ್ತಿರಬೇಕು ಎಂದು ಬೇರೆ ಮಾತೆತ್ತುತ್ತಿದ್ದರು. ಎಂಥ ಧೂಳು ಮಾರಾಯರೆ, ದಿನಾ ಎರಡು ತಾಸು ಒರೆಸುವಷ್ಟು!

ಪಿಯಾನೊದ ಸ್ಟೂಲಿನೊಳಗೆ ಹಳೇ ಮಾಲೀಕರ ಪುಸ್ತಕವೊಂದಿತ್ತು. ಸ್ಯಾಕ್ಸಫೋನ್ ಮತ್ತು ಪಿಯಾನೊ ಜೋಡಿಯಾಗಿ ನುಡಿಸುವ ಹಳೇ ಬ್ಲೂಸ್‌ಗಳು, ಅಮೆರಿಕದ ಕಪ್ಪು ಜನರ ಹಾಡುಗಳು. ತನ್ನ ಪಾಲಿನದನ್ನು ಆಕೆ ಕಲಿತಳು. ಆದರೆ ಅದು ಒಬ್ಬರದೇ ಫೋನ್ ಮಾತು ಕೇಳಿದ ಹಾಗೆ, ಅರ್ಧವೇ ಅರ್ಧ. ೧೯೯೫ರಲ್ಲಿ ನೆಂಟರ ಮದುವೆಯೊಂದರಲ್ಲಿ ಸಂಸೆಯ ಶಂಕರನ ಸ್ಯಾಕ್ಸಫೋನ್ ಕೇಳಿದಳು. ದೇವಸ್ಥಾನ, ಮದುವೆ, ಗೃಹಪ್ರವೇಶ ಎಂದು ನಾದಸ್ವರದ ಜಾಗದಲ್ಲಿ ಸ್ಯಾಕ್ಸಫೋನ್ ಊದಿಕೊಂಡು ತಿರುಗುವವನು. ಊಟದ ಪಂಕ್ತಿಯಲ್ಲೇ ಅವನನ್ನು ಹಿಡಿದು, ಒಂದು ಸಲ ನಮ್ಮನೆಗೆ ಬಾ ಎಂದಳು.

ಬಂದ. ಅತ್ತೆ ಸರೋಜಮ್ಮ ಹತ್ತಿ ಬತ್ತಿ ಹೊಸೆಯುತ್ತ ಬಾಗಿಲಲ್ಲೇ ಕಾವಲು ಕೂತರು. ಶಂಕರನಿಗೆ ಇಂಗ್ಲಿಷ್ ನೊಟೇಶನ್ ಬಾರದು. ಗಿರಿಜಾಂಬಾ ಸ ರಿ ಗ ಮ ಬರೆದುಕೊಟ್ಟಳು. ಶ್ರುತಿ ಕೂಡಿಸುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಯಿತು. ಪಿಯಾನೊದ ಶ್ರುತಿ ಇಳಿದುಹೋಗಿತ್ತು. ಅವನು ಊದುವ ತುದಿಯನ್ನು ಒಂದಿಷ್ಟು ಹೊರಗೆಳೆದು, ಸಂದಿಗೆ ಕಾಗದ ಸುತ್ತಿ, ತಾನೂ ಇಳಿದ. ಆಮೇಲೆ ಗಾಂಧಾರದ ತಕರಾರು. ಯಾವ ಗಾಂಧಾರ ಅಮ್ಮ, ಚಿಕ್ಕದೋ ದೊಡ್ಡದೋ ಎಂದು ಕೇಳಿದ. ಪುಸ್ತಕದಲ್ಲಿ ಎರಡೂ ಇದ್ದವು. ಗಿರಿಜಾಂಬಾ ಎರಡರ ಕೀಗಳನ್ನೂ ಒಟ್ಟಿಗೆ ಒತ್ತಿ ತೋರಿಸಿದಳು, ಅವು ಕಚ್ಚಾಡಿದವು. ಶಂಕರ ಕಣ್ಣು ಮುಚ್ಚಿ, ಉಸಿರನ್ನು ಬಗ್ಗಿಸಿ, ಎರಡರ ನಡುವೆ ಪಿಯಾನೊದಲ್ಲಿ ಇಲ್ಲವೇ ಇಲ್ಲದ ಒಂದು ಸ್ವರದ ಮೇಲೆ ನಿಂತ. ಗಿರಿಜಾಂಬಾಳಿಗೆ ಮೈ ಜುಮ್ಮೆಂದಿತು. ಹೊಸೆಯುತ್ತಿದ್ದ ಬತ್ತಿ ಬಿಟ್ಟು ಸರೋಜಮ್ಮ, 'ಇದು ಹಾಡೇನೇ, ಅಳುವೇನೇ?' ಎಂದರು.

ಎರಡೂ ಹೌದು. ಒಂದು ದೂರು ಹೇಳುವುದು, ಅದನ್ನೇ ಇನ್ನೊಂದು ಸಲ ಹೇಳುವುದು, ಮೂರನೆಯದರಲ್ಲಿ ಅದಕ್ಕೊಂದು ಉತ್ತರ ಕೊಟ್ಟುಕೊಳ್ಳುವುದು. ಬ್ಲೂಸ್ ಎಂದರೆ ಅಷ್ಟೇ. ಎಂಟು ವರ್ಷ, ಓಂಕಾರಮೂರ್ತಿಗಳು ಚಿಕ್ಕಮಗಳೂರಿಗೆ ಹೋಗುವ ಮಂಗಳವಾರಗಳಲ್ಲಿ, ಶಂಕರನಿಗೆ ಬಿಡುವಿದ್ದಾಗಲೆಲ್ಲ ಅವರಿಬ್ಬರೂ ದೂರು ಹೇಳಿಕೊಂಡರು. ಹನ್ನೊಂದು ಜೋಡಿ ಬ್ಲೂಸ್ ಕೈಗೆ ಬಂದವು. ಸರೋಜಮ್ಮ ತೀರಿಕೊಳ್ಳುವ ಹಿಂದಿನ ವಾರವೂ ಬಾಗಿಲಲ್ಲಿ ಕೂತು, ಆ ನಾಲ್ಕನೆಯದು ನುಡಿಸು ಎಂದಿದ್ದರು.

೨೦೦೩ರ ಮಾಘದಲ್ಲಿ ರಶ್ಮಿಯ ಮದುವೆ ಗೊತ್ತಾಯಿತು. ಮನೆಯೆಲ್ಲ ಸಂಭ್ರಮ. ಗಿರಿಜಾಂಬಾಳಿಗೆ ಮಾತ್ರ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಲೆಯ ಮೇಲೆ ಹಾಲಿಟ್ಟು ಕೋಣೆಗೆ ಬಂದು ಪಿಯಾನೊ ಮೇಲಿನ ಬಟ್ಟೆ ಸರಿಯಾಗಿದೆಯೇ ಎಂದು ನೋಡುವಳು, ಅಷ್ಟರಲ್ಲಿ ಹಾಲು ಉಕ್ಕುವುದು. ಮಗಳ ಮದುವೆ ಗೊತ್ತಾಯಿತೆಂದು ಹೆದರುವ ತಾಯಿ ನಾನೊಬ್ಬಳೇ ಇರಬೇಕು ಎಂದು ತನ್ನ ಮೇಲೇ ರೇಗಿದಳು. ಒಡೆಯಬೇಡಿ ಎಂಬ ಒಂದೇ ಒಂದು ಮಾತು ಬಾಯಿಗೆ ಬಂದು ಬಂದು ಹಿಂದಿರುಗುತ್ತಿತ್ತು. ಶಂಕರನೊಬ್ಬನಿಗೆ ಗುಟ್ಟು ಬಿಚ್ಚಿದಳು. ಅವನು, 'ನಾನು ಹೇಳಿದ್ರೆ ಕೆಡುತ್ತೆ ಅಮ್ಮ, ನೀವೇ ಹೇಳ್ಬೇಕು' ಎಂದ.

ಮುಂದಿನ ಮಂಗಳವಾರವೇ ಬಡಗಿ ಮಂಜಯ್ಯ ಬಂದ, ಉಳಿ ಗರಗಸದ ಚೀಲ ಹೊತ್ತು. ಓಂಕಾರಮೂರ್ತಿಗಳು ಚಿಕ್ಕಮಗಳೂರಿಗೆ ಹೋಗದೆ ನಿಂತಿದ್ದರು. ಕೊನೆಯ ಸಲವೆಂದು ಸ್ಯಾಕ್ಸಫೋನ್ ತಂದಿದ್ದ ಶಂಕರ ಜಗಲಿಯಲ್ಲಿ ಮಂಜಯ್ಯನ ಪಕ್ಕ ಕೂತ. ಮದುವೆಯ ವಾದ್ಯಕ್ಕೆ ಮಾತಾಡಲು ಬಂದಿರಬೇಕು ಎಂದುಕೊಂಡರು ಓಂಕಾರಮೂರ್ತಿಗಳು. ಇಬ್ಬರಿಗೂ ಕಾಫಿ ಕೊಟ್ಟು ಒಳಗೆ ಬಂದ ಗಿರಿಜಾಂಬಾ ಗಂಡನೆದುರು ಆ ಬಟ್ಟೆಯನ್ನು ಎಳೆದು ಹಾಕಿದಳು.

'ಇದು ಬೀಟೆ ಅಲ್ಲ ರೀ. ಮೇಲಷ್ಟೇ.'

ಅವರು ಬಗ್ಗಿ ನೋಡಿದರು. ಉಗುರಿನಿಂದ ಚಕ್ಕೆ ಎಬ್ಬಿಸಿದರು. ಮುಖ ಸುಣ್ಣದ ಹಾಗಾಯಿತು. ಯಾವಾಗ ಗೊತ್ತಾಯಿತು ಎಂದು ಕೇಳಿದರು. ತಂದ ದಿನವೇ ಎಂದಳು. ಹನ್ನೆರಡು ವರ್ಷ ಊರೆಲ್ಲ ಕರೆದು ತಟ್ಟಿ ತೋರಿಸಿದ್ದು ಒಂದೊಂದೂ ಅವರ ಕಣ್ಣೆದುರು ಬಂದಿರಬೇಕು. ಇವತ್ತೇ ಆಚೆ ಸಾಗಿಸು, ಯಾರಾದರೂ ಒಯ್ಯಲಿ ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು.

'ಒಯ್ದವ್ರು ಬಿಚ್ಚಿ ನೋಡಲ್ವಾ?' ಎಂದಳು ಗಿರಿಜಾಂಬಾ.

ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಆಕೆಗೇ ಬೆರಗು. ಓಂಕಾರಮೂರ್ತಿಗಳು ಹೆಂಡತಿಯನ್ನು ನೋಡಿದರು, ಪಿಯಾನೊ ನೋಡಿದರು. ಒಡೆಯುವ ಹಾಗಿಲ್ಲ, ಮಾರುವ ಹಾಗಿಲ್ಲ. ಇನ್ನು ಆ ಪಿಯಾನೊ ಈ ಮನೆಯ ಹೊಸ್ತಿಲು ದಾಟಿದರೆ ಸಾಮಿಲ್ಲಿನ ಯಜಮಾನರ ಹೆಸರೂ ಜೊತೆಗೇ ದಾಟುತ್ತದೆ. ಬಟ್ಟೆಯನ್ನು ತಾವೇ ಎತ್ತಿ ಚಕ್ಕೆಯ ಮೇಲೆ ಹೊದಿಸಿ, ಶಲ್ಯ ಸರಿಮಾಡಿಕೊಂಡು ಜಗಲಿಗೆ ಹೋದರು.

ಒಡೆಯುವುದು ಬೇಡ, ಬೀರಿಗೆ ಬೇರೆ ಮರ ಕೊಡುತ್ತೇನೆ ಎನ್ನುವುದು ಒಳಗೆ ಕೇಳಿಸಿತು. ಇಂಥ ಬೀಟೆ ಎಲ್ಲಿ ಸಿಗುತ್ತೆ ಎಂದು ಮಂಜಯ್ಯ ಹಲುಬಿದ.

'ನಮ್ಮನೆಯವ್ರು ನುಡಿಸ್ತಾರೆ ಮಾರಾಯ. ಒಡೆಯೋಕೆ ಮನಸ್ಸಿಲ್ಲ.'

ಗಿರಿಜಾಂಬಾ ಸ್ಟೂಲಿನ ಮೇಲೆ ಕೂತಳು. ಮಾನ ಉಳಿಸಿಕೊಳ್ಳಲು ಆಡಿದ ಮಾತೆಂದು ಆಕೆಗೆ ಚೆನ್ನಾಗಿ ಗೊತ್ತು. ಹಾಳು ಕಣ್ಣೀರಿಗೆ ಗೊತ್ತಾಗಬೇಕಲ್ಲ. ಮದುವೆಯಾಗಿ ಇಪ್ಪತ್ತಮೂರು ವರ್ಷಕ್ಕೆ ಆ ಮನುಷ್ಯನ ಬಾಯಲ್ಲಿ ಮೊದಲ ಸಲ ಬಂದ ಮಾತದು.

ಮಂಜಯ್ಯನಿಗೆ ಕುತೂಹಲ ತಡೆಯಲಿಲ್ಲ. 'ಹೌದಾ! ಏನು ನುಡಿಸ್ತಾರೆ?'

ಸ್ವಲ್ಪ ಹೊತ್ತಿಗೆ ಓಂಕಾರಮೂರ್ತಿಗಳು ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲೋ ಬೇಡವೋ ಎಂಬಂತೆ ಬಾಗಿಲಪಟ್ಟಿ ಹಿಡಿದಿದ್ದರು.

'ಗಿರಿಜಾ, ಅವ್ನು ಕೇಳ್ತಿದ್ದಾನೆ. ಏನು ಅಂತ ಹೇಳ್ಲಿ?'

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಶಂಕರನನ್ನು ಒಳಗೆ ಕರೆದು, ಮೂಲೆಯ ಕುರ್ಚಿ ಎಳೆದು ಗಂಡನ ಮುಂದಿಟ್ಟಳು.

'ಕೂತ್ಕೊಂಡು ಕೇಳಿ. ಆಮೇಲೆ ನೀವೇ ಹೋಗಿ ಹೇಳಿ.'